ಮಾಗಿಯ ಕಡಲಿಗೆ ಇಳಿಯುವ ಮುನ್ನ

ಡಿಸೆಂಬರಿನ ಬೆಳಿಗ್ಗೆ ಏಳು ಗಂಟೆಗೆಲ್ಲ ಕೊಕ್ಕರೆ ಬೆಳ್ಳೂರಿಗೆ ಬಂದಿಳಿಯುವವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಈ ಹಕ್ಕಿಗಳು ಯಾಕೆ ಹಾರ್ತಿಲ್ಲ?’ ಹುಣಸೆಮರದ ನೆತ್ತಿಯಲ್ಲಿ ಹೆಜ್ಜಾರ್ಲೆಗಳು ಉದ್ದನೆಯ ಕೊಕ್ಕನ್ನು ಎದೆಗೆ ಒತ್ತಿಕೊಂಡು ಕೂತಿರುತ್ತವೆ. ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿರುತ್ತದೆ. ಶಿಂಷಾ ನದಿಯ ಕಡೆಯಿಂದ ಹಬ್ಬಿದ ಮಂಜು ಸೂರಿನ ಹೆಂಚಿನಿಂದ ತೊಟ್ಟಿಕ್ಕುತ್ತಿರುತ್ತದೆ. ಹೊತ್ತು ಏರಿ, ಬಿಸಿಲು ಚುರುಗುಟ್ಟಿ, ಭತ್ತ ಕೊಯ್ದ ಗದ್ದೆಯ ಕೂಳೆ ಒಣಗಿ, ನೆಲ ಕಾದ ಮೇಲೆ ಒಂದು ಹಕ್ಕಿ ರೆಕ್ಕೆ ಬಿಚ್ಚುತ್ತದೆ. ನಾಲ್ಕೈದು ಸಲ ಬಲವಾಗಿ ಬಡಿಯುತ್ತದೆ. ಆಮೇಲೆ ರೆಕ್ಕೆ ಅಲುಗಿಸದೆ ಸುತ್ತು ಹಾಕುತ್ತ, ಸುತ್ತು ಹಾಕುತ್ತ ಮೇಲೇರುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಾದ ನೆಲದಿಂದ ಏಳುವ ಬಿಸಿಗಾಳಿ ಅವನ್ನು ಎತ್ತಿ ಒಯ್ಯುತ್ತದೆ. ಅಷ್ಟು ಭಾರದ ಹಕ್ಕಿ ಆ ಹೊತ್ತಿಗಾಗಿ ಕಾಯುತ್ತ ಕೂತಿತ್ತು, ಅಷ್ಟೆ.

ಕಡಲಿನ ಬಗ್ಗೆ ಬರೆಯಲು ಹೊರಟು ಹಕ್ಕಿಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಇಲ್ಲಿ ಹೆಜ್ಜಾರ್ಲೆಯನ್ನು ಎತ್ತುವ ಬಿಸಿಲೇ ಘಟ್ಟದ ಆಚೆ ಮಲ್ಪೆಯಲ್ಲಿ, ಮುರ್ಡೇಶ್ವರದಲ್ಲಿ, ಕಾರವಾರದಲ್ಲಿ ಮಧ್ಯಾಹ್ನದ ಕಡಲನ್ನು ಎಬ್ಬಿಸುತ್ತದೆ. ನಮ್ಮ ಮದ್ದೂರು, ಮಳವಳ್ಳಿ ಕಡೆಯವರು ಕಡಲು ನೋಡಲು ಹೊರಡುವುದು ಬಹುಪಾಲು ಈ ಮಾಗಿಯಲ್ಲೇ. ಕೊಯ್ಲು ಮುಗಿದಿರುತ್ತದೆ, ಶಾಲೆಗಳ ಪ್ರವಾಸದ ಕಾಲ, ಸಂಕ್ರಾಂತಿಯ ಕಿಚ್ಚು ಹಾಯಿಸಿದ ಮೇಲೆ ಕೈಯಲ್ಲಿ ಒಂದಿಷ್ಟು ಬಿಡುವು. ಟೆಂಪೋ ಟ್ರಾವೆಲರ್ ಹತ್ತಿ ಧರ್ಮಸ್ಥಳ, ಉಡುಪಿ, ಮುರ್ಡೇಶ್ವರ ಅಂತ ಹೊರಟರೆ ಎಲ್ಲೋ ಒಂದು ಕಡೆ ದೋಣಿ ಹತ್ತದೆ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಉಡುಪಿ ಪರ್ಯಾಯಕ್ಕೆ ಹೋದವರೂ ಮಲ್ಪೆ ನೋಡಿಕೊಂಡೇ ಬರುತ್ತಾರೆ. ಮಳೆಗಾಲದ ಕಡಲಿಗೆ ಎಲ್ಲರೂ ಹೆದರುತ್ತಾರೆ. ಮಾಗಿಯ ಕಡಲಿಗೆ ಯಾರೂ ಹೆದರುವುದಿಲ್ಲ. ನನ್ನ ಚಿಂತೆ ಅದೇ.

ಬೆಳಗಿನ ಕಡಲು, ಮಧ್ಯಾಹ್ನದ ಕಡಲು

ಡಿಸೆಂಬರಿನಿಂದ ಫೆಬ್ರುವರಿಯವರೆಗೆ ನಮ್ಮ ಕರಾವಳಿಯ ಕಡಲು ಶಾಂತ ಎನ್ನುವುದು ನಿಜ. ಮುಂಗಾರಿನ ಅಬ್ಬರ ಇಳಿದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಇರುವ ನಿಷೇಧ ಕಳೆದು ಬಂದರುಗಳು ತುಂಬಿ ತುಳುಕುತ್ತಿರುತ್ತವೆ. ಅಲೆಯ ಎತ್ತರ ಎಷ್ಟೋ ದಿನ ಒಂದು ಮೀಟರನ್ನೂ ಮುಟ್ಟುವುದಿಲ್ಲ. ಆದರೆ ಈ ಮಾತು ಬೆಳಗಿನ ಹೊತ್ತಿಗೆ ಒಪ್ಪುವಷ್ಟು ಮಧ್ಯಾಹ್ನಕ್ಕೆ ಒಪ್ಪುವುದಿಲ್ಲ.

ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಹಾಗಾಗಿ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತದೆ. ಇದು ಮೂಡುಗಾಳಿ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ಈ ಗಾಳಿ ಹಿಡಿದು ಹೊರಗೆ ಹೋಗುತ್ತಿದ್ದರು. ಬಿಸಿಲೇರಿದಂತೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಖಾಲಿಯಾದ ಜಾಗಕ್ಕೆ ಕಡಲಿನ ತಣ್ಣನೆಯ ಗಾಳಿ ನುಗ್ಗುತ್ತದೆ. ಇದು ಪಡುಗಾಳಿ. ಸಾಮಾನ್ಯವಾಗಿ ಹನ್ನೊಂದು, ಹನ್ನೆರಡರ ಹೊತ್ತಿಗೆ ಎದ್ದು ಮೂರು, ನಾಲ್ಕು ಗಂಟೆಗೆ ಅದರ ಬಿರುಸು ನೆತ್ತಿಗೇರುತ್ತದೆ. ಹೊತ್ತು ಮುಳುಗಿದ ಮೇಲೆ ಕುಗ್ಗುತ್ತದೆ. ಹಾಯಿಯವರು ಮನೆಗೆ ಮರಳುತ್ತಿದ್ದುದು ಇದನ್ನು ಬೆನ್ನಿಗಿಟ್ಟುಕೊಂಡು. ಮಾಗಿಯಲ್ಲಿ ದೊಡ್ಡ ಗಾಳಿಗಳೆಲ್ಲ ದುರ್ಬಲವಾಗಿರುವುದರಿಂದ ಈ ದಿನದಿನದ ಆಟವೇ ಕರಾವಳಿಯನ್ನು ಆಳುತ್ತದೆ.

ಗಂಟೆಗೆ 20ರಿಂದ 25 ಕಿಲೋಮೀಟರ್ ಗಾಳಿ ಎಂದರೆ ದಡದಲ್ಲಿ ಕೂತವರಿಗೆ ಹಿತ. ಸಣ್ಣ ದೋಣಿಗೆ ಅದು ಬೇರೆಯೇ ಲೆಕ್ಕ. ಗಾಳಿಯ ವೇಗ ಎರಡು ಪಟ್ಟಾದರೆ ದೋಣಿಯ ಮೇಲೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರಿನಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ನಗುನಗುತ್ತ ಹೋದವರು ಮೂರೂವರೆಗೆ ಮರಳುವಾಗ ಅದೇ ನೀರಿನಲ್ಲಿ ಬಿಳಿ ನೊರೆಯ ತುದಿಗಳನ್ನು ನೋಡಿ ಬೆರಗಾಗುತ್ತಾರೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಗೆ ಹೋಗುವವರಿಗಂತೂ ಮರಳುವ ದಾರಿ ಉದ್ದ, ಮಧ್ಯೆ ನಿಲ್ಲಲು ತಾವಿಲ್ಲ.

ಆದ್ದರಿಂದ ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಬೆಳಗಿನ ಮೊದಲ ದೋಣಿಗೆ ಹೋಗಿ, ಮಧ್ಯಾಹ್ನದ ಊಟಕ್ಕೆ ದಡದಲ್ಲಿರಿ. ಪ್ರವಾಸದ ವೇಳಾಪಟ್ಟಿ ಹಾಕುವಾಗ ದೇವಸ್ಥಾನವನ್ನು ಬೆಳಿಗ್ಗೆಗೂ ಕಡಲನ್ನು ಸಂಜೆಗೂ ಇಡುವುದು ನಮ್ಮ ರೂಢಿ. ದೋಣಿ ಹತ್ತುವ ದಿನದ ಮಟ್ಟಿಗೆ ಅದನ್ನು ತಿರುಗಿಸಿ. ದೇವರ ದರ್ಶನ ಸಂಜೆಗೂ ಸಿಗುತ್ತದೆ.

ಮೂಡುಗಾಳಿಯಲ್ಲೂ ಒಂದು ಮೋಸವಿದೆ. ಅದು ನೆಲದಿಂದ ಬೀಸುವುದರಿಂದ ದಡದ ಹತ್ತಿರ ನೀರು ಚಪ್ಪಟೆಯಾಗಿ ಕಾಣುತ್ತದೆ, ಅಲೆ ಬೆಳೆಯುವುದು ಹೊರಗೆ ಹೋದಂತೆ. ಎಂಜಿನ್ ಕೆಟ್ಟರೆ, ಕಯಾಕಿನವರ ತೋಳು ಸೋತರೆ, ಆ ಮೆದು ಗಾಳಿಯೇ ಅವರನ್ನು ದಡದಿಂದ ದೂರ ದೂರ ಒಯ್ಯುತ್ತದೆ. ಬೆಳಿಗ್ಗೆ ಕಯಾಕ್ ಹತ್ತುವವರು ಮೊದಲು ಗಾಳಿಗೆ ಎದುರಾಗಿ ಒಂದಷ್ಟು ಹುಟ್ಟು ಹಾಕಿ ನೋಡಬೇಕು. ಎದುರು ಬರಲು ಸುಲಭವಾದರೆ ಮಾತ್ರ ಹೊರಗೆ ಹೋಗಬೇಕು.

ಅಳಿವೆಯಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದೆ ನಾವು ಹತ್ತು ಜನ ಕಾರವಾರದ ಕಾಳಿ ನದಿಯ ಅಳಿವೆಯ ಹತ್ತಿರ ದೋಣಿಗಾಗಿ ಕಾದಿದ್ದೆವು. ಮಧ್ಯಾಹ್ನ ಎರಡೂವರೆ ಇರಬೇಕು. ದೋಣಿಯವರು ವಯಸ್ಸಾದ ತಾಂಡೇಲರು. ನಮ್ಮ ಅವಸರ ನೋಡಿ ಏನೂ ಹೇಳದೆ ದಡದಲ್ಲಿ ಬಿದ್ದಿದ್ದ ಒಣ ತೆಂಗಿನ ಗರಿಯ ಒಂದು ತುಂಡು ಮುರಿದು ನೀರಿಗೆ ಎಸೆದರು. ಗರಿ ಕಡಲಿನತ್ತ ಸರಸರನೆ ಸಾಗಿತು. ಆಮೇಲೆ ದೋಣಿಯ ತುದಿಯಲ್ಲಿದ್ದ ಬಾವುಟ ತೋರಿಸಿದರು. ಅದು ನೆಲದತ್ತ ಪಟಪಟ ಬಡಿಯುತ್ತಿತ್ತು. ‘ನೀರು ಆ ಕಡೆ, ಗಾಳಿ ಈ ಕಡೆ. ಈಗ ಬೇಡ’ ಎಂದರು. ಅಷ್ಟೇ ಮಾತು. ನಮ್ಮಲ್ಲಿ ಇಬ್ಬರು ಗೊಣಗಿದರು. ಅಳಿವೆ ಬಾಗಿಲಲ್ಲಿ ಅಲೆಗಳು ಗೋಡೆಯಂತೆ ನೆಟ್ಟಗೆ ನಿಂತು, ಬಾಗಿ, ಅಲ್ಲೇ ಮುರಿದು ಬೀಳುತ್ತಿದ್ದುದನ್ನು ನೋಡಿದ ಮೇಲೆ ಗೊಣಗಾಟ ನಿಂತಿತು.

ಗರಿ ಮತ್ತು ಬಾವುಟದ ಆ ಪಾಠ ಯಾವ ಆಪ್‌ಗಿಂತಲೂ ನನಗೆ ಉಪಯೋಗಕ್ಕೆ ಬಂದಿದೆ. ಇಳಿತದ ಹೊತ್ತಿಗೆ ನದಿಯೊಳಗೆ ತುಂಬಿದ್ದ ನೀರೆಲ್ಲ ಅಳಿವೆಯ ಕಿರಿದಾದ ಬಾಗಿಲಿನಿಂದ ಕಡಲಿಗೆ ಓಡುತ್ತದೆ. ಎದುರಿನಿಂದ ಪಡುಗಾಳಿ ಬಂದರೆ ಅಲೆಗಳಿಗೆ ಹರಡಿಕೊಳ್ಳಲು ಜಾಗವಿಲ್ಲದಂತಾಗಿ ಅವು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಅಳಿವೆಯ ಮರಳುದಿಬ್ಬದ ಮೇಲೆ ನೀರು ತೆಳುವಾದಷ್ಟೂ ಅವು ಇನ್ನೂ ಎತ್ತರವಾಗುತ್ತವೆ. ಒಳಗೆ ಶಾಂತ, ಹೊರಗೆ ಶಾಂತ, ಬಾಗಿಲಲ್ಲಿ ಮಾತ್ರ ರಂಪ.

ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಅಂತರ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು, ನೀರಿನ ಓಟವೂ ಹೆಚ್ಚು. ಕಾರವಾರದ ಕಡೆ ಆ ದಿನಗಳಲ್ಲಿ ಉಬ್ಬರ ತುಂಬುವುದು ಹೆಚ್ಚುಕಡಿಮೆ ಹನ್ನೊಂದು, ಹನ್ನೆರಡರ ಹೊತ್ತಿಗೆ. ಎಂದರೆ ಮಧ್ಯಾಹ್ನವೆಲ್ಲ ಇಳಿತ. ಪಡುಗಾಳಿಯ ಬಿರುಸೂ ಮಧ್ಯಾಹ್ನವೇ. ನಮ್ಮ ಜಾತ್ರೆ, ಉತ್ಸವಗಳು ಬೀಳುವುದೂ ಹುಣ್ಣಿಮೆಗೇ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ.

2019ರ ಜನವರಿ 21, ಪುಷ್ಯ ಹುಣ್ಣಿಮೆ. ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಮಧ್ಯಾಹ್ನ ಮರಳುತ್ತಿದ್ದ ಒಂದು ದೋಣಿ ಮಗುಚಿ 16 ಜನ ಸತ್ತರು. ಸತ್ತವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು. ದೋಣಿಯಲ್ಲಿ ಜನ ಹೆಚ್ಚಿದ್ದರು, ಬಹುತೇಕರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ ಎಂದು ಆಗ ವರದಿಯಾಗಿತ್ತು. ಹಾವೇರಿಯವರೂ ನಮ್ಮಂತೆಯೇ ಒಳನಾಡಿನವರು, ಕೆರೆ ಹೊಳೆ ನೋಡಿ ಬೆಳೆದವರು. ಅವರ ಜಾಗದಲ್ಲಿ ನಮ್ಮೂರಿನ ಒಂದು ಟೆಂಪೋ ಜನ ಇರಬಹುದಿತ್ತು ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ದೋಣಿ ಹತ್ತುವವರು ನೋಡಬೇಕಾದದ್ದು ಹೆಚ್ಚೇನಿಲ್ಲ. ಎಷ್ಟು ಜನರಿಗೆ ಅನುಮತಿ ಎಂದು ಬರೆದಿದೆಯೋ ಅದಕ್ಕಿಂತ ಒಬ್ಬರು ಹೆಚ್ಚಿದ್ದರೂ ಇಳಿದುಬಿಡಿ, ಕೂತಿರುವವರು ನೀವೇ ಮೊದಲಾಗಿದ್ದರೂ. ಲೈಫ್ ಜಾಕೆಟನ್ನು ಸೀಟಿನ ಕೆಳಗಿಡಬೇಡಿ, ಹತ್ತುವ ಮುಂಚೆಯೇ ಹಾಕಿಕೊಂಡು ಬಕಲ್ ಬಿಗಿಯಿರಿ. ಮಕ್ಕಳ ಜಾಕೆಟಿನ ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು, ನೀರಿನಲ್ಲಿ ಮಗು ಅದರೊಳಗಿಂದ ಜಾರಿಹೋಗುತ್ತದೆ. ತೊಡೆಸಂದಿಯ ಪಟ್ಟಿ ಇರುವುದನ್ನೇ ಕೇಳಿ. ಡಾಲ್ಫಿನ್ ಕಂಡಿತು ಎಂದು ಕೂಗಿದಾಗ ಎಲ್ಲರೂ ಎದ್ದು ಒಂದೇ ಪಕ್ಕಕ್ಕೆ ಬರುವುದೇ ಸಣ್ಣ ದೋಣಿಗೆ ದೊಡ್ಡ ಅಪಾಯ. ನಿಂತವರ ಭಾರ ಮೇಲಕ್ಕೆ ಹೋಗುತ್ತದೆ, ಆಗಲೇ ಪಕ್ಕದಿಂದ ಅಲೆ ಬಂದರೆ ದೋಣಿ ನೇರವಾಗಲು ಹೊತ್ತು ಸಿಗುವುದಿಲ್ಲ. ಕೂತಲ್ಲೇ ನೋಡಿ. ಒಂದು ವೇಳೆ ಮಗುಚಿದರೆ ದೋಣಿಯನ್ನೇ ಹಿಡಿದುಕೊಳ್ಳಿ. ದಡ ಹತ್ತಿರ ಕಾಣುತ್ತದೆ ಎಂದು ಈಜಲು ಹೊರಡಬೇಡಿ. ಹುಡುಕುವವರಿಗೆ ಒಂದು ತಲೆಗಿಂತ ಒಂದು ದೋಣಿ ಬೇಗ ಕಾಣುತ್ತದೆ.

ದೋಣಿ ಹತ್ತದವರಿಗೂ ಒಂದು ಮಾತು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುಳುಗಿ ಸತ್ತರು. ಅದೂ ಮಾಗಿಯೇ. ಅಲೆಗಳು ಮುರಿಯುವ ಸಾಲಿನಲ್ಲಿ ಒಂದು ಕಡೆ ಮಾತ್ರ ಅಲೆ ಮುರಿಯದೆ ನೀರು ತುಸು ಕಪ್ಪಾಗಿ, ಸಮನಾಗಿ ಕಂಡರೆ ಅದು ಮಕ್ಕಳನ್ನು ಇಳಿಸಲು ಒಳ್ಳೆಯ ಜಾಗ ಎನ್ನಿಸುತ್ತದೆ. ದಡಕ್ಕೆ ಬಂದ ನೀರು ಹಿಂದಕ್ಕೆ ಓಡುವ ಕಾಲುವೆ ಎಷ್ಟೋ ಸಲ ಅದೇ ಆಗಿರುತ್ತದೆ. ಸಿಕ್ಕಿಕೊಂಡವರು ದಡಕ್ಕೆ ಎದುರಾಗಿ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು.

ದೂರದ ಗಾಳಿ, ಇಲ್ಲಿಯ ಅಲೆ

ಗಾಳಿಯೇ ಇಲ್ಲದ ದಿನವೂ ಅಲೆ ಬರುತ್ತದೆ. ನವೆಂಬರಿನಿಂದ ಮಾರ್ಚಿಯವರೆಗೆ ಪರ್ಷಿಯನ್ ಕೊಲ್ಲಿ, ಒಮಾನ್ ಕಡೆ ಆಗಾಗ ಶಮಾಲ್ ಎಂಬ ವಾಯವ್ಯ ಗಾಳಿ ಬಿರುಸಾಗಿ ಬೀಸುತ್ತದೆ. ಅಲ್ಲೆದ್ದ ಅಲೆಗಳು ಅರಬ್ಬಿ ಸಮುದ್ರವನ್ನು ದಾಟಿ ಒಂದೆರಡು ದಿನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನು ಅಳೆದು ದಾಖಲಿಸಿದ್ದಾರೆ. ಆಕಾಶ ತಿಳಿಯಾಗಿರುತ್ತದೆ, ತೆಂಗಿನ ಗರಿ ಅಲುಗುವುದಿಲ್ಲ, ಆದರೂ ಉದ್ದನೆಯ ಅಲೆಗಳು ಒಂದರ ಹಿಂದೊಂದು ಬಂದು ಬಂಡೆಗೆ ಅಪ್ಪಳಿಸುತ್ತವೆ. ದ್ವೀಪಗಳ ಬಂಡೆಯ ಅಂಚಿಗೆ ಹೋಗಿ ಸೆಲ್ಫಿ ತೆಗೆಯುವವರಿಗೆ ಅಪಾಯ ತರುವುದು ಹೀಗೆ ಬಿಡುವು ಬಿಟ್ಟು ಬರುವ ಅಲೆಗಳೇ. ಹತ್ತು ನಿಮಿಷ ಏನೂ ಬರಲಿಲ್ಲವೆಂದರೆ ಮುಂದೆಯೂ ಬರುವುದಿಲ್ಲ ಎಂದಲ್ಲ. ಬಂಡೆ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಲ್ಲಿಯವರೆಗೆ ನೀರು ಬಂದಿತ್ತು ಎಂದೇ ಲೆಕ್ಕ.

ಇನ್ನು ತೂಫಾನು. ಡಿಸೆಂಬರಿಗೆ ತೂಫಾನಿನ ಕಾಲ ಮುಗಿಯಿತು ಎಂದುಕೊಳ್ಳುವಂತಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಎದ್ದ ಓಖಿ ಚಂಡಮಾರುತ ಕೇರಳ, ತಮಿಳುನಾಡಿನ ನೂರಾರು ಮೀನುಗಾರರನ್ನು ಬಲಿ ತೆಗೆದುಕೊಂಡು ಡಿಸೆಂಬರ್ ಮೊದಲ ದಿನಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಉತ್ತರಕ್ಕೆ ಸಾಗಿತು. ಅದು ನಮ್ಮ ದಡ ಮುಟ್ಟದಿದ್ದರೂ ಅದರ ಅಲೆಗಳು ಮುಟ್ಟಿದವು. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಹತ್ತಿದ ಫೆಂಗಲ್‌ನ ಉಳಿಕೆ ನಮ್ಮ ಒಳನಾಡಿನ ಮೇಲೆ ಮಳೆ ಸುರಿಸುತ್ತ ಕರಾವಳಿಯತ್ತ ನಡೆಯಿತು. ಮದ್ದೂರಿನಲ್ಲಿ ಡಿಸೆಂಬರಿನಲ್ಲಿ ಎರಡು ದಿನ ಮೋಡ ಕಟ್ಟಿ ಜಡಿ ಹಿಡಿದರೆ, ಕಡಲಿನ ಪ್ರವಾಸ ಇಟ್ಟುಕೊಂಡವರು ದೋಣಿಯ ಯೋಚನೆಯನ್ನು ಮೂರು ನಾಲ್ಕು ದಿನ ಮುಂದಕ್ಕೆ ಹಾಕುವುದು ಮೇಲು.

ಮುನ್ಸೂಚನೆ ಓದುವುದು ಹೇಗೆ? ಹೈದರಾಬಾದಿನ ಇನ್‌ಕಾಯಿಸ್, ಎಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ದಿನವೂ ಕಡಲಿನ ಸ್ಥಿತಿಯ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಪ್ರತ್ಯೇಕ ಎಚ್ಚರಿಕೆ ಕೊಡುತ್ತದೆ. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದ ಗಾಳಿ ಎಂದು ಅದರಲ್ಲಿ ಕಂಡರೆ ಆ ದಿನದ ಮಾತು ಮುಗಿಯಿತು. ಮುನ್ಸೂಚನೆಯಲ್ಲಿ ‘ಅಲೆಯ ಎತ್ತರ 1 ಮೀಟರ್’ ಎಂದಿದ್ದರೆ ಎಲ್ಲ ಅಲೆಯೂ 1 ಮೀಟರ್ ಎಂದು ತಿಳಿಯಬೇಡಿ. ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಅದು. ಒಂದು ಹೊತ್ತಿನ ಪಯಣದಲ್ಲಿ ಅದರ ಎರಡರಷ್ಟು ಹತ್ತಿರದ ಅಲೆಯೂ ಒಮ್ಮೆ ಎದುರಾಗಬಹುದು. ಎತ್ತರದ ಜೊತೆಗೆ ಸೆಕೆಂಡುಗಳಲ್ಲಿ ಕೊಡುವ ಅವಧಿಯನ್ನೂ ನೋಡಿ. ಐದಾರು ಸೆಕೆಂಡಿನದು ಹತ್ತಿರದ ಗಾಳಿಯ ಅಲೆ. ಹನ್ನೆರಡು, ಹದಿನಾಲ್ಕು ಸೆಕೆಂಡಿನದು ದೂರದಿಂದ ಬಂದದ್ದು. ಹೊರಗೆ ತಗ್ಗಾಗಿ ಕಂಡರೂ ಅಳಿವೆಯ ದಿಬ್ಬದ ಮೇಲೆ ಅದು ಹೆಡೆ ಎತ್ತುತ್ತದೆ. ಬಂದರಿನಲ್ಲಿ ಮೂರನೇ ಸಂಖ್ಯೆಯ ಎಚ್ಚರಿಕೆ ಸಂಕೇತ ಏರಿದೆ ಎಂದು ಪತ್ರಿಕೆಯಲ್ಲಿ ಓದಿದರೆ, ಬಿರುಗಾಳಿಯ ಹವೆ ಆ ಬಂದರಿನತ್ತ ಇದೆ ಎಂದರ್ಥ. ಗಾಳಿಯ ವೇಗವನ್ನು ನಾಟ್‌ನಲ್ಲಿ ಕೊಟ್ಟಿದ್ದರೆ ಎರಡರಿಂದ ಗುಣಿಸಿ ಸ್ವಲ್ಪ ಕಳೆಯಿರಿ, ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ತಿಳಿಯುತ್ತದೆ. ಸರಿಯಾದ ಲೆಕ್ಕ 1.852.

ಇಷ್ಟೆಲ್ಲ ಓದಿದ ಮೇಲೂ ದಡದಲ್ಲಿ ಬಲೆ ಹೆಣೆಯುತ್ತ ಕೂತ ಯಾರನ್ನಾದರೂ ಒಂದು ಮಾತು ಕೇಳಿ. ‘ಇವತ್ತು ಹೋಗಬಹುದಾ’ ಎಂದಲ್ಲ. ‘ಇವತ್ತು ನಿಮ್ಮ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗ್ತಿದ್ರಾ’ ಎಂದು ಕೇಳಿ.

ಮಂಜು

ನಮ್ಮ ಕಡೆಯಿಂದ ಹೊರಟವರಿಗೆ ಕಡಲಿಗಿಂತ ಮೊದಲು ಸಿಗುವ ಅಪಾಯ ಶಿರಾಡಿ ಘಾಟಿಯ ಮಂಜು. ನಸುಕಿನ ಮೂರಕ್ಕೆ ಹೊರಟು ದಾರಿ ಉಳಿಸುವ ಆಸೆ ಬಿಡಿ. ಕಡಲ ಮೇಲೆ ನಮ್ಮಲ್ಲಿ ದಟ್ಟ ಮಂಜು ಅಪರೂಪ, ನದಿಬಾಯಿಗಳಲ್ಲಿ ಬೆಳಿಗ್ಗೆ ಕವಿದು ಬಿಸಿಲಿಗೆ ಕರಗುತ್ತದೆ. ಆದರೆ ಶಿಂಷಾ, ಕಾವೇರಿಯ ಮಡುಗಳಲ್ಲಿ, ಮದ್ದೂರು, ಮಳವಳ್ಳಿಯ ಕೆರೆಗಳಲ್ಲಿ ಅದು ಮಾಗಿಯ ನಿತ್ಯದ ನೆಂಟ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಹರಿಗೋಲಿನಿಂದ ಎದುರು ದಡ ಕಾಣುವುದಿಲ್ಲ. ಬುಟ್ಟಿಯಂಥ ದುಂಡು ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಎರಡು ಸುತ್ತು ತಿರುಗಿದರೆ ಯಾವ ದಿಕ್ಕಿನಿಂದ ಬಂದೆವೆಂಬುದೇ ಮರೆಯುತ್ತದೆ. ದಡದ ಒಂದು ಮರ ಸ್ಪಷ್ಟವಾಗಿ ಕಾಣುವವರೆಗೆ ಹಗ್ಗ ಬಿಚ್ಚಬೇಡಿ. ಮುತ್ತತ್ತಿಯಂಥ ಕಡೆ ನೀರಿನ ಮೇಲ್ಮೈ ಎಷ್ಟೇ ಮೆಲುವಾಗಿ ಕಂಡರೂ ಬಂಡೆಗಳ ನಡುವಿನ ಸೆಳೆತ ಬೇರೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಳೆ ಇಲ್ಲದ ದಿನವೂ ಹೊಳೆ ಏರುತ್ತದೆ. ಎಂಜಿನ್ ದೋಣಿ ನಡುನೀರಿನಲ್ಲಿರುವಾಗ ಮಂಜು ಕವಿದರೆ ವೇಗ ಇಳಿಸಿ, ಎರಡು ನಿಮಿಷ ಮೀರದಂತೆ ಒಂದೊಂದು ಸಲ ಉದ್ದನೆಯ ಹಾರ್ನ್ ಹಾಕುತ್ತಿರಬೇಕು. ಅಂತರರಾಷ್ಟ್ರೀಯ ನೌಕಾ ನಿಯಮವೂ ಅದನ್ನೇ ಹೇಳುತ್ತದೆ.

ಕೊಕ್ಕರೆ ಬೆಳ್ಳೂರಿಗೆ ಬರುವವರು ಇಲ್ಲಿ ದೋಣಿ ವಿಹಾರ ಇದೆಯೇ ಎಂದು ಆಗಾಗ ಕೇಳುವುದರಿಂದ ಹೇಳಿಬಿಡುತ್ತೇನೆ. ಇಲ್ಲ. ಹಕ್ಕಿಗಳಿರುವುದು ಮನೆಗಳ ನಡುವಿನ ಮರಗಳ ಮೇಲೆ. ನೋಡಲು ಕಾಲು ಸಾಕು, ಮೆಲುದನಿ ಸಾಕು.

ಚಳಿಯ ನೀರು

ನಮ್ಮ ಕಡಲು ಮಾಗಿಯಲ್ಲೂ 27, 28 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿರುತ್ತದೆ. ಇಲ್ಲಿ ಜೀವ ತೆಗೆಯುವುದು ಚಳಿಯಲ್ಲ. ಆದರೆ ಮಂಡ್ಯ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಈಗ ಸಿಯಾಟಲ್‌ನಲ್ಲೋ ಬಾಸ್ಟನ್‌ನಲ್ಲೋ ಟೊರಾಂಟೊದಲ್ಲೋ ಸ್ಕಾಟ್ಲೆಂಡಿನಲ್ಲೋ ಇದ್ದಾರೆ. ವಾರಾಂತ್ಯಕ್ಕೆ ಗೆಳೆಯರ ಜೊತೆ ಕಯಾಕ್ ಬಾಡಿಗೆಗೆ ಪಡೆದು ನೀರಿಗಿಳಿಯುತ್ತಾರೆ. ಈ ಭಾಗ ಅವರಿಗಾಗಿ, ಅವರಿಗೆ ಫೋನಿನಲ್ಲಿ ಓದಿ ಹೇಳುವ ಅಪ್ಪ ಅಮ್ಮಂದಿರಿಗಾಗಿ.

ಮಾಗಿಯ ಬೆಳಿಗ್ಗೆ ನಮ್ಮೂರಿನ ಬಾವಿ ನೀರು ಬೆಚ್ಚಗಿರುತ್ತದೆ. ಅದರಲ್ಲಿ ಈಜು ಕಲಿತ ಮೈಗೆ 8 ಡಿಗ್ರಿ ನೀರು ಎಂದರೇನೆಂದು ಗೊತ್ತಿರುವುದಿಲ್ಲ. ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್‌ನ ನೀರು ಚಳಿಗಾಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಾಸ್ಟನ್ ಬಂದರಿನದು ಇನ್ನೂ ತಣ್ಣಗೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗದಲ್ಲಿ ಮೈಯ ಬಿಸಿ ಹೀರುತ್ತದೆ. ಆದರೆ ಹೆಚ್ಚಿನವರು ಸಾಯುವುದು ಮೈ ಹೆಪ್ಪುಗಟ್ಟಿ ಅಲ್ಲ, ಅದಕ್ಕೂ ಬಹಳ ಮೊದಲೇ. ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂಬ ಲೆಕ್ಕದಲ್ಲಿ ಹೇಳಿಕೊಟ್ಟರು. ತಣ್ಣೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ಕೈಮೀರಿ ಏರುತ್ತದೆ, ಬೇಡವೆಂದರೂ ಬಾಯಿ ತೆರೆದು ಗಾಳಿ ಎಳೆಯುತ್ತದೆ. ಆಗ ಮುಖ ನೀರಿನೊಳಗಿದ್ದರೆ ಎಳೆಯುವುದು ನೀರನ್ನು. ಆಮೇಲಿನ 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ದೋಣಿಗೆ ಮರಳಿ ಹತ್ತುವುದು, ಸೀಟಿ ಊದುವುದು, ಹಗ್ಗ ಹಿಡಿಯುವುದು ಎಲ್ಲ ಆ ಹೊತ್ತಿನಲ್ಲೇ ಆಗಬೇಕು, ಆಮೇಲೆ ಬೆರಳು ಮಡಚುವುದಿಲ್ಲ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಇರುತ್ತದೆ.

ಆದ್ದರಿಂದ ಬಿದ್ದ ಕೂಡಲೇ ಈಜಬೇಡಿ. ಅಂಗಾತ ಮಲಗಿ ತೇಲಿ, ಮುಖ ಮೇಲಿರಲಿ, ಉಸಿರು ಹತೋಟಿಗೆ ಬರುವವರೆಗೆ ಸುಮ್ಮನಿರಿ. ಬ್ರಿಟನ್ನಿನ ಆರ್‌ಎನ್‌ಎಲ್‌ಐ ಎಂಬ ರಕ್ಷಣಾ ಸಂಸ್ಥೆ ಮಕ್ಕಳಿಗೂ ಕಲಿಸುವುದು ಇದನ್ನೇ. ಉಸಿರು ಹಿಡಿತಕ್ಕೆ ಬಂದ ಮೇಲೆ ದೋಣಿಗೆ ಮರಳಿ. ಆಗದಿದ್ದರೆ ಮೊಣಕಾಲು ಎದೆಗೆ ತಂದು ಮುದುಡಿಕೊಳ್ಳಿ, ಇಬ್ಬರಿದ್ದರೆ ಅಪ್ಪಿಕೊಂಡಿರಿ. ಇದೆಲ್ಲ ಸಾಧ್ಯವಾಗುವುದು ಲೈಫ್ ಜಾಕೆಟ್ ಮೈಮೇಲಿದ್ದರೆ ಮಾತ್ರ. ನೀರಿಗೆ ಬಿದ್ದ ಮೇಲೆ ಅದನ್ನು ಹಾಕಿಕೊಳ್ಳಲು ಬರುವುದಿಲ್ಲ.

ಬಟ್ಟೆಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ. ಮಾರ್ಚಿಯಲ್ಲಿ ಬಿಸಿಲು ಬಂದ ದಿನ ಟೀ ಷರ್ಟ್ ಹಾಕಿ ಹೊರಡುತ್ತಾರೆ. ಗಾಳಿ ಬೆಚ್ಚಗಾದರೂ ನೀರು ಇನ್ನೂ ಚಳಿಗಾಲದಲ್ಲೇ ಇರುತ್ತದೆ. ನೀರಿನ ಉಷ್ಣಾಂಶ ನೋಡಿ ಬಟ್ಟೆ ಆರಿಸಿ. 15 ಡಿಗ್ರಿಗಿಂತ ಕಡಿಮೆ ಎಂದರೆ ವೆಟ್‌ಸೂಟ್ ಅಥವಾ ಡ್ರೈಸೂಟ್ ಬೇಕು. ಹತ್ತಿ ಬಟ್ಟೆ ನೆಂದರೆ ಚಳಿಯನ್ನು ಮೈಗೆ ಅಂಟಿಸಿಕೊಂಡೇ ಇರುತ್ತದೆ, ಉಣ್ಣೆ ಹಾಗಲ್ಲ. ಅಮೆರಿಕದಲ್ಲಿ ನೋವಾ ಸಂಸ್ಥೆಯ ಕಡಲ ಮುನ್ಸೂಚನೆಯಲ್ಲಿ ‘ಸ್ಮಾಲ್ ಕ್ರಾಫ್ಟ್ ಅಡ್ವೈಸರಿ’ ಎಂದು ಕಂಡರೆ ಕಯಾಕ್ ಬೇಡ. ನೀರಿನ ಮೇಲೆ ಹಬೆಯಂತೆ ಮಂಜು ಏಳುತ್ತಿದ್ದರೆ ಗಾಳಿ ನೀರಿಗಿಂತ ಬಹಳ ತಣ್ಣಗಿದೆ ಎಂದರ್ಥ. ಕೊರೆಯುವ ಚಳಿಯಲ್ಲಿ ಬಿರುಗಾಳಿ ಎದ್ದರೆ ಸಿಡಿದ ನೀರು ದೋಣಿಯ ಮೇಲೆ ಹಿಮವಾಗಿ ಕೂತು, ಮೇಲ್ಭಾಗ ಭಾರವಾಗಿ ದೋಣಿ ಮಗುಚುವುದೂ ಉಂಟು.

ಯಾರನ್ನಾದರೂ ತಣ್ಣೀರಿನಿಂದ ಎತ್ತಿದರೆ ಮಲಗಿಸಿಯೇ ಇಡಿ. ಒದ್ದೆ ಬಟ್ಟೆ ತೆಗೆದು ಒಣ ಕಂಬಳಿ ಸುತ್ತಿ. ಕೈಕಾಲು ತಿಕ್ಕಬೇಡಿ, ಅಲ್ಲಿಯ ತಣ್ಣನೆಯ ರಕ್ತ ಎದೆಗೆ ನುಗ್ಗುತ್ತದೆ. ಎಚ್ಚರವಿದ್ದು ನುಂಗಲು ಆಗುವುದಾದರೆ ಬಿಸಿ ಸಿಹಿ ಹಾಲು, ಚಹಾ ಕೊಡಿ. ಮದ್ಯ ಬೇಡವೇ ಬೇಡ. ಅದು ಮೈ ಬೆಚ್ಚಗಾದಂತೆ ತೋರಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ.

ಹೇಳಿ ಹೋಗುವುದು

ದೋಣಿ ಹತ್ತುವ ಮೊದಲು ದಡದಲ್ಲಿ ಉಳಿಯುವ ಒಬ್ಬರಿಗೆ, ಅಥವಾ ಊರಿನಲ್ಲಿರುವ ಒಬ್ಬರಿಗೆ ನಾಲ್ಕು ಸಂಗತಿ ಕಳುಹಿಸಿ: ಎಲ್ಲಿಂದ ಎಲ್ಲಿಗೆ, ದೋಣಿಯ ಹೆಸರು ಮತ್ತು ಬಣ್ಣ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸು. ದೋಣಿಯ ಒಂದು ಫೋಟೊ ತೆಗೆದು ಕಳುಹಿಸಿದರೆ ಅರ್ಧ ಕೆಲಸ ಮುಗಿಯಿತು. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಕುತ್ತಿಗೆಗೆ ತೂಗುಹಾಕಿಕೊಳ್ಳಿ. ಬ್ಯಾಗಿನೊಳಗಿಡಬೇಡಿ, ಬ್ಯಾಗ್ ಮೊದಲು ತೇಲಿಹೋಗುತ್ತದೆ. ಎರಡು ರೂಪಾಯಿಯ ಸೀಟಿಯಾದರೂ ಸರಿ, ಮಕ್ಕಳ ಜಾಕೆಟಿಗೆ ಒಂದೊಂದು ಕಟ್ಟಿ.

ಹೇಳಿದ ಹೊತ್ತು ಮೀರಿ ಅರ್ಧ ಗಂಟೆಯಾದರೂ ಫೋನ್ ಬಾರದಿದ್ದರೆ ಊರಿನಲ್ಲಿರುವವರು ‘ಸಿಗ್ನಲ್ ಇರಲಿಕ್ಕಿಲ್ಲ’ ಎಂದು ಸುಮ್ಮನಾಗಬಾರದು. ಭಾರತದ ಕಡಲಿನಲ್ಲಾದರೆ ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093, ಅದೂ ಆಗದಿದ್ದರೆ 112. ಈ ಮೂರು ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಪ್ರವಾಸದ ದಿನಾಂಕದ ಪಕ್ಕದಲ್ಲೇ, ದೊಡ್ಡದಾಗಿ ಬರೆದಿಡಿ. ಫೋನ್ ಮಾಡಿದಾಗ ಅವರು ಕೇಳುವುದು ಆ ನಾಲ್ಕು ಸಂಗತಿಗಳನ್ನೇ.